ಜಾರಿಬಿದ್ದ ಸೊನ್ನೆ

"ಮೂರು ವಾನ್ ನಾಲ್ಕು ಸಾವಿರ ಮಕ್ಕಳು," ಎಂದು ದುಭಾಷಿ ಶೆನ್ ಪೈರೊಂಗ್ ಮೈಕಿಗೆ ಚೀನೀಯಲ್ಲಿ ನಿರಾಳವಾಗಿ ಹೇಳಿಬಿಟ್ಟಳು. ಗಾಜಿನಾಚೆ, ಕುನ್ಮಿಂಗಿನ ಸಭಾಂಗಣದಲ್ಲಿ, ಮಲಾವಿಯಿಂದ ಬಂದ ವೈದ್ಯೆ ತನ್ನ ಇಂಗ್ಲಿಷ್ ಭಾಷಣ ಮುಗಿಸಿ ಕುಳಿತಳು. ಲಸಿಕೆ ಸಿಗದ ಮಕ್ಕಳ ಲೆಕ್ಕ ಅದು.

ಪಕ್ಕದ ಕುರ್ಚಿಯ ಚೂ ವೇಯ್, ಜೊತೆಗಾರ ಮಾಡಬೇಕಾದಂತೆ, ಅಂಕಿಯನ್ನು ದಪ್ಪಗೆ ಬರೆದು ಅವಳ ಮುಂದೆ ತಳ್ಳಿದ್ದ. ಅವಳು ನೋಡಿರಲಿಲ್ಲ. ಚೀನೀಯಿಂದ ಇಂಗ್ಲಿಷಿಗೆ ಹೇಳುವಾಗ ಪ್ರತಿ ಅಂಕಿಗೂ ಚೀಟಿ ಬೇಡುವವಳು, ತಾಯ್ನುಡಿಗೆ ತರುವಾಗ ಅತ್ತ ಕಣ್ಣೇ ಹಾಯಿಸುತ್ತಿರಲಿಲ್ಲ. ತಾಯ್ನುಡಿಗೂ ಊರುಗೋಲು ಬೇಕೇ ಎಂಬ ಜಂಬ. ಆದರೆ ಇಂಗ್ಲಿಷಿನವರು ಸಾವಿರದಲ್ಲಿ ಎಣಿಸುತ್ತಾರೆ, ಚೀನೀಯರು ಹತ್ತು ಸಾವಿರಕ್ಕೊಂದು ವಾನ್ ಕಟ್ಟುತ್ತಾರೆ. ಒಂದು ಕಟ್ಟು ಬಿಚ್ಚಿ ಇನ್ನೊಂದು ಕಟ್ಟುವ ಗಡಿಬಿಡಿಯಲ್ಲೇ ಸೊನ್ನೆ ಜಾರುವುದು.

ಲಸಿಕೆ ಕಾರ್ಖಾನೆಯ ಯಜಮಾನ ಗೆಂಗ್ ಎದ್ದು ನಿಂತ. "ಅಷ್ಟೇನಾ? ಎಲ್ಲಾ ಮಕ್ಕಳಿಗೂ ನಾವೇ ಕೊಡ್ತೀವಿ, ಪುಕ್ಕಟೆ!"

ಶೆನ್ ಅದನ್ನು ಇಂಗ್ಲಿಷಿಗೆ ತಂದಳು. ವೈದ್ಯೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅತ್ತೇಬಿಟ್ಟಳು. ಸಭೆ ಚಪ್ಪಾಳೆ ತಟ್ಟಿತು.

ಚೂ ಮೈಕಿನ ಬಾಯಿ ಕಟ್ಟುವ ಗುಂಡಿ ಒತ್ತಿ ಹಿಡಿದ. "ಶೆನ್ ಟೀಚರ್, ಮೂರಲ್ಲ, ಮೂವತ್ತನಾಲ್ಕು ವಾನ್!"

ಶೆನ್ ಚೀಟಿ ನೋಡಿದಳು: 340,000. ಅವಳು ಹೇಳಿದ್ದು 34,000.

"ಸುಮ್ನಿದ್ಬಿಡಿ ಟೀಚರ್, ಯಾರಿಗೂ ಗೊತ್ತಾಗಿಲ್ಲ. ಈಗ ತಿದ್ದಿದ್ರೆ ಗೆಂಗ್ ಸಾಹೇಬ್ರ ಮಾನ ಹೋಗುತ್ತೆ. ಕೊಟ್ಟ ಮಾತು ವಾಪಸ್ ತಗೊಂಡ್ರೆ? ನಿಮ್ಮ ಹೆಸರೂ ಮಣ್ಣುಪಾಲು."

"ಪೆಟ್ಟಿಗೆ ಅಲ್ಲಿ ಬಿಚ್ಚಿದ ದಿನ ಗೊತ್ತಾಗಲ್ವೇನೋ? ಹತ್ತು ಮಕ್ಕಳಲ್ಲಿ ಒಂಬತ್ತು ಬರಿಗೈಲಿ ಮನೆಗೆ ಹೋಗ್ತಾವೆ. ತೆಗಿ ಕೈ."

ಅವನು ಗುಂಡಿ ಬಿಟ್ಟ. ಅವಳು ಮೈಕಿಗೆ ಬಾಗಿ ಚೀನೀಯಲ್ಲಿ ಹೇಳಿದಳು: "ದುಭಾಷಿಯ ತಿದ್ದುಪಡಿ. ವೈದ್ಯೆ ಹೇಳಿದ್ದು ಮೂವತ್ತನಾಲ್ಕು ವಾನ್ ಮಕ್ಕಳು. ತಪ್ಪು ನನ್ನದು."

ಗೆಂಗ್‌ನ ಮುಖದ ನಗೆ ಆರಿತು. ಅವನು ಹಿಂದೆ ತಿರುಗಿ ಗಾಜಿನತ್ತ ದಿಟ್ಟಿಸಿದ. ಅವನ ಜೊತೆ ಅರ್ಧ ಸಭೆಯೂ ತಿರುಗಿತು. ಶೆನ್‌ಗೆ ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಎನಿಸಿತು. ಆ ಚೀನೀ ಮಾತು ಕೇಳಿಸದ ವೈದ್ಯೆ ಮಾತ್ರ ಇನ್ನೂ ಕಣ್ಣೊರೆಸಿಕೊಳ್ಳುತ್ತ ಅವನಿಗೆ ತಲೆಬಾಗುತ್ತಲೇ ಇದ್ದಳು.

ಗೆಂಗ್ ವೈದ್ಯೆಯತ್ತ ತಿರುಗಿದ. ಆಮೇಲೆ ಕಿವಿಯ ಇಯರ್‌ಫೋನ್ ಕಿತ್ತು ಮೇಜಿನ ಮೇಲಿಟ್ಟು, ಅವಳತ್ತ ಬಾಗಿ, ತನ್ನ ಹರುಕುಮುರುಕು ಇಂಗ್ಲಿಷಿನಲ್ಲಿ ತಾನೇ ಹೇಳಿದ: "ಎಲ್ಲಾ ಮಕ್ಕಳು. ಎಲ್ಲಾ."