ಖಾಲಿ ಬಿಟ್ಟವರ ಸಾಲು

ವಧು-ವರರ ವೆಬ್‌ಸೈಟಿನಲ್ಲಿ 'ನನ್ನ ಬಗ್ಗೆ' ಎಂಬ ಜಾಗವನ್ನು ಎಷ್ಟೋ ಹುಡುಗಿಯರು ಖಾಲಿ ಬಿಡುತ್ತಿದ್ದರು. ಪುಟ ಬೋಳಾಗಿ ಕಾಣುತ್ತದೆಂದು ಮಾಲೀಕರು ಗೊಣಗಿದರು. ಪುಟ ರೂಪಿಸುವ ಯಾಮಿನಿ ಅದರ ಕೋಡ್‌ನಲ್ಲಿ ಒಂದು ಷರತ್ತು ಬರೆದಳು: ಆ ಜಾಗ ಖಾಲಿಯಿದ್ದರೆ, 'ಬರೆಯಲು ಸಂಕೋಚ, ಎದುರು ಕೂತರೆ ಹೇಳಿಯೇನು' ಎಂದು ತೋರಿಸು.

ಅಮ್ಮನ ಕಾಟ ತಡೆಯಲಾರದೆ ಕೊನೆಗೆ ತಾನೂ ಅಲ್ಲಿ ಹೆಸರು ನೋಂದಾಯಿಸಿದಳು. ತನ್ನ ಬಗ್ಗೆ ಏನು ಬರೆಯುವುದೆಂದು ತೋಚದೆ ಆ ಜಾಗವನ್ನು ಹಾಗೆಯೇ ಬಿಟ್ಟಳು.

ಭಾನುವಾರ ನೋಡಲು ಬಂದ ಹುಡುಗ ಕಾಫಿ ಲೋಟ ಕೆಳಗಿಟ್ಟ. "ಎದುರು ಕೂತರೆ ಹೇಳ್ತೀನಿ ಅಂತ ಬರ್ದಿದ್ರಲ್ಲ, ಆ ಒಂದು ಸಾಲಿಗೇ ಬಂದೆ."

"ಅದನ್ನ ತುಂಬ ಜನ ಬರ್ದಿರ್ತಾರೆ," ಎಂದಳು ಯಾಮಿನಿ.

"ಹೌದು, ಅಂಥ ಮೂವರನ್ನ ನೋಡ್ಕೊಂಡೇ ಬಂದಿದೀನಿ. ಅವರದ್ದೆಲ್ಲ ಯಾರೋ ಬರ್ಕೊಟ್ಟ ಹಾಗಿತ್ತು. ನಿಮ್ದೊಂದು ಮಾತ್ರ ನೀವೇ ಬರ್ದಿದ್ದು ಅಂತ ಓದಿದ ಕೂಡ್ಲೇ ಗೊತ್ತಾಯ್ತು."