ವರಾಂಡದ ಶಿಕ್ಷೆ

ಕೆಸರು ತುಂಬಿದ ಬಕೆಟ್ ವರಾಂಡದಲ್ಲಿ ಬೋರಲಾದ ಸದ್ದಿಗೆ ಇಡೀ ಶಾಲೆ ಎದ್ದು ನಿಂತಿತು. ಕಡಿಮೆ ಮಾಡಿ ಹೇಳಿದರೂ, ಆ ಕೆಸರಿನಲ್ಲಿ ಎರಡು ಎಕರೆ ಬೆಳೆ ತೆಗೆಯಬಹುದಿತ್ತು. ನಡುವೆ ಎಂಟನೇ ತರಗತಿಯ ಹುಡುಗಿ, ಬಸ್ಸಿಗೆ ಕಾಯುವವಳ ಹಾಗೆ ನಿಂತಿದ್ದಳು.

ಮೊನ್ನೆ ಶಾಯಿ. ನಿನ್ನೆ ಸೀಮೆಸುಣ್ಣದ ಪುಡಿ. ಇವತ್ತು ಇದು.

ಬೇರೆ ಶಾಲೆಯಾಗಿದ್ದರೆ ಅವಳನ್ನು ಯಾವತ್ತೋ ಮನೆಗೆ ಅಟ್ಟುತ್ತಿದ್ದರು. ಇಲ್ಲಿ ಹೆಡ್‌ಮೇಡಂ ಇದ್ದರು. ಯಾರನ್ನೂ ಸಸ್ಪೆಂಡ್ ಮಾಡುವುದಿಲ್ಲವೆಂದು ಪಣ ತೊಟ್ಟವರು. ಅವರ ತಾಳ್ಮೆ ಕಂಡು ಬಂಡೆಗಲ್ಲೂ ನಾಚಬೇಕು. ಅವರ ಶಿಕ್ಷೆ ಒಂದೇ: ಹೊಲಸು ಮಾಡಿದವರು ಸಂಜೆ ಉಳಿದು, ಆಯಾಳ ಜೊತೆ ಇಡೀ ಶಾಲೆ ಗುಡಿಸಿ ಒರೆಸಬೇಕು. ಪುಂಡಾಧಿಪುಂಡರೆಲ್ಲ ಒಂದೇ ಸಂಜೆಗೆ ಸಾಧುಗಳಾಗಿದ್ದರು. ಇವಳೊಬ್ಬಳನ್ನು ಬಿಟ್ಟು.

"ಯಾಕೆ ಹೀಗ್ ಮಾಡ್ತೀಯ?" ಹೆಡ್‌ಮೇಡಂ ಅವಳನ್ನು ತಮ್ಮ ರೂಮಿಗೆ ಕರೆಸಿ ಕೇಳಿದರು.

"ಸುಮ್ನೆ, ಮೇಡಂ."

ಮುಖದಲ್ಲಿ ಹೆದರಿಕೆಯಿಲ್ಲ, ನಾಚಿಕೆಯಿಲ್ಲ. ಒರೆಸಿಟ್ಟ ಬೋರ್ಡು.

"ಮ್ಯಾನೇಜ್‌ಮೆಂಟಿನವರು ಟಿ.ಸಿ. ಕೊಟ್ಟು ಕಳಿಸಿ ಅಂತಿದಾರೆ. ಇನ್ನೊಂದ್ ಸಲ ಆದ್ರೆ ನನ್ ಕೈಲಿ ತಡೆಯೋಕಾಗಲ್ಲ. ನಿನ್ ಓದು ಇಲ್ಲಿಗೇ ನಿಂತ್ಹೋಗುತ್ತೆ."

"ಗೊತ್ತು, ಮೇಡಂ."

ಬಾಗಿಲಲ್ಲಿ ಆಯಾ ನಿಂತಿದ್ದಳು, ಸೆಕೆಯಲ್ಲೂ ಶಾಲು ಹೊದ್ದು. ಕೆಲಸಕ್ಕೆ ಬಂದು ತಿಂಗಳಾಗಿಲ್ಲ, ಅವಳ ಬಾಯಿಗೆ ಹೆದರಿ ಗೋಡೆ ಗಡಿಯಾರ ಹಿಂದಕ್ಕೆ ಓಡುತ್ತಿತ್ತು.

"ಮನೆಗ್ ಕಳಿಸ್ಬಿಡಿ ಮೇಡಂ ಇದನ್ನ! ಒಂದ್ ವಾರ ಮನೇಲಿ ಬಿದ್ದಿದ್ರೆ ಬುದ್ಧಿ ಬರುತ್ತೆ. ನನ್ ಜೊತೆ ಮಾತ್ರ ಹಾಕ್ಬೇಡಿ, ನಿಮ್ ಕಾಲಿಗ್ ಬೀಳ್ತೀನಿ."

"ನೋಡಿದ್ಯಾ, ಆಯಾಗೂ ನೀನು ಸಾಕಾಗಿದೀಯ," ಎಂದರು ಹೆಡ್‌ಮೇಡಂ. "ಗುಡಿಸೋದು ಬಿಡು. ಸಂಜೆ ನನ್ ರೂಮಲ್ಲಿ ಕೂತು ಓದ್ಕೋ."

ಹುಡುಗಿಯ ಮುಖ ಮೊದಲ ಬಾರಿಗೆ ಅಲುಗಿತು.

"ಬೇಡ ಮೇಡಂ. ಗುಡಿಸೋದೇ ಕೊಡಿ."

ಪಶ್ಚಾತ್ತಾಪ! ತಮ್ಮ ಪದ್ಧತಿ ಗೆದ್ದಿತೆಂಬ ಹಿಗ್ಗಿಗೆ ಹೆಡ್‌ಮೇಡಂ ಕುರ್ಚಿ ಸಮೇತ ಒಂದಡಿ ಮೇಲೇರಿದರು. "ಆಯ್ತು. ಇನ್ನೆರಡು ವಾರ ಗುಡಿಸು. ಆಮೇಲೆ ಮತ್ತೆ ಹೀಗಾಗ್ಬಾರ್ದು."

"ಆಗಲ್ಲ, ಮೇಡಂ."

ಆಯಾ ಗೋಡೆ ಕಡೆಗೆ ಮುಖ ತಿರುಗಿಸಿಕೊಂಡಳು.

ಸಂಜೆ ಶಾಲೆ ಖಾಲಿಯಾಯಿತು. ಹುಡುಗಿ ಕೋಣೆಗಳನ್ನೆಲ್ಲ ಗುಡಿಸಿದಳು, ವರಾಂಡ ತೊಳೆದಳು, ಶೌಚಾಲಯಕ್ಕೆ ಫಿನಾಯಿಲ್ ಹಾಕಿದಳು. ಆಯಾ ಮೆಟ್ಟಿಲ ಮೇಲೆ ಕೂತೇ ಇದ್ದಳು. ಒಂದು ಮಾತೂ ಬೈಯಲಿಲ್ಲ.

"ಎರಡು ವಾರದೊಳಗೆ ನಿನ್ ಕೈಮೂಳೆ ಕೂಡ್ಕೊಳ್ಳುತ್ತೆ, ಕೆಲಸಾನೂ ಉಳಿಯುತ್ತೆ," ಎಂದಳು ಮಗಳು. "ಏಳಮ್ಮ, ಮನೆಗೆ ಹೋಗೋಣ."