ಮಧ್ಯಾಹ್ನದ ಲೈನು

ತ್ರಿವೇಣಿ ಅವರೆಕಾಯಿ ಸುಲಿಯುತ್ತಲೇ ಕಂಪ್ಯೂಟರಿನ ಪರದೆಯ ಮೇಲೆ ಕಣ್ಣಿಟ್ಟಿದ್ದಳು. ನೀಲಿ ಪಟ್ಟಿ ಮುಕ್ಕಾಲು ದಾಟಿತ್ತು. ಇನ್ನೊಂದಿಷ್ಟು ಸರಿದರೆ ಫೈಲು ಹೋಗಿ ಸೇರುತ್ತದೆ. ಅಷ್ಟರಲ್ಲಿ ಪಟ್ಟಿ ನಿಂತಿತು. ಮೋಡೆಮ್ಮಿನ ದೀಪಗಳು ಆರಿದವು.

ಮತ್ತೆ ಡಯಲ್ ಮಾಡಿದಳು. ಡಯಲ್ ಟೋನ್ ಇಲ್ಲ. ಮತ್ತೆ ಮಾಡಿದಳು. ಇಲ್ಲ. ದಿನವೂ ಇದೇ. ಸ್ವಲ್ಪ ಹೊತ್ತು ಸತಾಯಿಸಿ ಲೈನು ತಾನಾಗಿಯೇ ವಾಪಸು ಬರುತ್ತಿತ್ತು. ಅಷ್ಟು ಹೊತ್ತಿಗೆ ಫೈಲು ತಲುಪಬೇಕಾದ ವೇಳೆ ಮೀರಿರುತ್ತಿತ್ತು.

ಪರದೇಶದ ಡಾಕ್ಟರುಗಳು ಮಾತಾಡಿ ಕಳಿಸಿದ್ದನ್ನು ಕೇಳಿಸಿಕೊಂಡು ಟೈಪು ಮಾಡುವ ಕೆಲಸ ಅದು. ಮದುವೆಯಾದ ಮೇಲೆ ಅವಳದು ಎನ್ನುವಂಥದ್ದು ಸಿಕ್ಕಿದ್ದು ಅದೊಂದೇ. ಕಿವಿಗೆ ಹೆಡ್‌ಫೋನ್ ಏರಿಸಿದರೆ ತುಮಕೂರಿನ ಈ ಮನೆ, ಕುಕ್ಕರಿನ ಕೂಗು, ಸಾರಿಗೆ ಉಪ್ಪು ಕಮ್ಮಿ ಎನ್ನುವ ದೂರು ಎಲ್ಲ ಅಷ್ಟು ಹೊತ್ತು ದೂರವಾಗುತ್ತಿದ್ದವು. ಕೆಲಸ ಹಂಚುವ ಆಶಾರಾಣಿ ಅವಳ ಕಾಲೇಜಿನ ಗೆಳತಿ. ಆವತ್ತು ಸಂಜೆ ಅವಳೇ ಫೋನ್ ಮಾಡಿದಳು.

“ನಾನೂ ಎಷ್ಟು ದಿನ ಅಂತ ಸುಳ್ಳು ಹೇಳ್ಲಿ ಕಣೇ? ನಾಳೆನೂ ಲೇಟಾದ್ರೆ ನಿನ್ ಕೆಲಸ ಬೇರೆಯವ್ರಿಗೆ. ಬೇಜಾರ್ ಮಾಡ್ಕೋಬೇಡ.”

ಗಂಡ ಷಡಕ್ಷರಿ ತನ್ನ ಕೈಲಾದದ್ದನ್ನೆಲ್ಲ ಮಾಡಿದ್ದ. ಗುಬ್ಬಿಯಲ್ಲಿ ಬಟ್ಟೆ ಅಂಗಡಿ ಮುಚ್ಚಿ ಬರುವಾಗ ಹೊಸ ವೈರು ತಂದಿದ್ದ, ಮೋಡೆಮ್ಮು ಬದಲಾಯಿಸಿದ್ದ. ಕೊನೆಗೆ ಲೈನ್‌ಮನ್ ಕದರಯ್ಯನನ್ನು ಕರೆತಂದಿದ್ದ. ಕದರಯ್ಯ ಎಲ್ಲ ತಡಕಾಡಿ ಹೇಳಿದ್ದು ಒಂದೇ ಮಾತು.

“ಲೈನ್ ಗಟ್ಟಿ ಐತೆ ಸಾ. ಒಳಗಿನ್ ರೂಮಲ್ಲಿ ಇನ್ನೊಂದ್ ಫೋನ್ ಐತಲ್ಲ, ಅದನ್ನ ಯಾರೋ ಎತ್ತಾವ್ರೆ. ಎತ್ತಿದ್ರೆ ಸಾಕು, ನೆಟ್ ಬಿದ್ದೋಯ್ತದೆ.”

ಒಳಗಿನ ರೂಮು ಅತ್ತೆ ಬಸವಲಿಂಗಮ್ಮನದು. ಮಧ್ಯಾಹ್ನ ಊಟವಾದ ಮೇಲೆ ಬಾಗಿಲು ಹಾಕಿಕೊಂಡು ಮಲಗುತ್ತಾರೆ. ಮಗ ಮನೆಯಲ್ಲಿರುವ ಭಾನುವಾರ ಮಾತ್ರ ಲೈನು ಒಮ್ಮೆಯೂ ಕಡಿಯುವುದಿಲ್ಲ. ಮಗನೆದುರು ಧೈರ್ಯ ಬರುವುದಿಲ್ಲ, ಇನ್ನೇನು. ಸೊಸೆ ದುಡಿಯುವುದು ಹಿಡಿಸುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದರೂ ತ್ರಿವೇಣಿಗೆ ಇಷ್ಟು ನೋವಾಗುತ್ತಿರಲಿಲ್ಲ.

“ನಾನ್ಯಾಕಪ್ಪ ಎತ್ಲಿ?” ಎಂದರು ಬಸವಲಿಂಗಮ್ಮ, ಆ ರಾತ್ರಿ ಮಗ ಕೇಳಿದಾಗ.

“ಮತ್ಯಾರು, ದೆವ್ವ ಎತ್ತುತ್ತಾ?” ಷಡಕ್ಷರಿ ನಕ್ಕ. “ನಾಳೆ ಕದರಯ್ಯಂಗೆ ಹೇಳಿದೀನಿ. ಬಂದು ಆ ಫೋನು ಕಿತ್ಕೊಂಡು ಹೋಗ್ತಾನೆ.”

“ಇರ್ಲಿ ಬುಡಪ್ಪ, ಮೂಲೇಲಿ ಬಿದ್ದಿರ್ತದೆ.”

“ಯಾತಕ್ಕೆ? ಇರೋನು ಒಬ್ಬ ಮಗ, ಇಲ್ಲೇ ಎದುರಿಗಿದೀನಿ. ಇನ್ಯಾರ ಹತ್ರ ಮಾತಾಡ್ಬೇಕು ನಿಂಗೆ?”

ಬಸವಲಿಂಗಮ್ಮ ತ್ರಿವೇಣಿಯ ಮುಖವನ್ನೊಮ್ಮೆ ನೋಡಿದರು. ಏನೋ ಕೇಳುವವರಂತೆ ಬಾಯಿ ತೆರೆದರು. ಕೇಳದೆ ಎದ್ದು ಒಳಗೆ ಹೋದರು.

ಷಡಕ್ಷರಿ ಕೈತೊಳೆದು ಬಂದು, ಅಂಗಡಿಯಿಂದ ಬರುವಾಗ ತಂದಿದ್ದ ಹೂವಿನ ಹಾರವನ್ನು ಹಾಲಿನ ಗೋಡೆಯ ಮೇಲಿದ್ದ ತಂಗಿ ದೀಪಿಕಾಳ ಫೋಟೋಗೆ ಹಾಕಿದ. ಸೋಮವಾರ ಬಂದರೆ ಅವನದು ಈ ನೇಮ ತಪ್ಪುವುದಿಲ್ಲ. ತ್ರಿವೇಣಿ ಈ ಮನೆಗೆ ಬರುವ ಮೊದಲೇ ದೀಪಿಕಾ ಜ್ವರ ಬಂದು ತೀರಿಹೋಗಿದ್ದಳು. ಆ ಸಂಕಟಕ್ಕೇ ಕುಣಿಗಲ್ಲಿನ ಮನೆ ಮಾರಿ ಇಲ್ಲಿಗೆ ಬಂದದ್ದು ಎಂದು ಷಡಕ್ಷರಿ ಹೇಳಿದ್ದ. ಅತ್ತೆ ಮಾತ್ರ ಆ ಫೋಟೋಗೆ ಒಂದು ದಿನವೂ ಕೈಮುಗಿದವರಲ್ಲ. ಕಣ್ಣೆತ್ತಿ ನೋಡಿದವರೂ ಅಲ್ಲ. ಹೆತ್ತ ಮಗಳ ಮೇಲೇ ಇಲ್ಲದ ಕರುಳು ಸೊಸೆಯ ಮೇಲೆ ಎಲ್ಲಿಂದ ಬರಬೇಕು?

ಮರುದಿನ ಮಧ್ಯಾಹ್ನ ಕದರಯ್ಯ ಬಂದಾಗ ಫೈಲು ಹೋಗುತ್ತಿತ್ತು.

“ಇದೊಂದು ಹೋಗ್ಬಿಡ್ಲಿ, ಆಮೇಲೆ ಕೀಳಿ” ಎಂದಳು ತ್ರಿವೇಣಿ.

“ನಿಧಾನಕ್ಕಾಗ್ಲಿ ಅಮ್ಮಾವ್ರೆ. ಕಾಫಿ ಕೊಟ್ರೆ ಸಂಜೆಗಂಟ ಕೂತಿರ್ತೀನಿ.” ಅವನು ಜಗಲಿಯ ಮೇಲೆ ಕೂತ.

ಅರ್ಧಕ್ಕೆ ಪಟ್ಟಿ ನಿಂತಿತು. ದೀಪಗಳು ಆರಿದವು.

ಕೀಳುವವನು ಬಾಗಿಲಲ್ಲಿ ಕೂತಿರುವಾಗಲೂ ಇಷ್ಟು ಹಟವೇ? ತ್ರಿವೇಣಿ ಕುರ್ಚಿ ಬಿಟ್ಟು ಎದ್ದಳು. ಇಷ್ಟು ದಿನ ಹೊಳೆಯದೇ ಇದ್ದದ್ದು ಈಗ ಹೊಳೆಯಿತು. ಮೋಡೆಮ್ಮಿನ ವೈರು ಕಿತ್ತು ಹಾಲಿನ ಫೋನಿಗೆ ಸಿಕ್ಕಿಸಿ, ಸದ್ದಾಗದಂತೆ ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡಳು. ಈಗ ಸಿಕ್ಕಿಬೀಳಲಿ.

ಅತ್ತೆಯ ದನಿ ಪಿಸುಗುಡುತ್ತಿತ್ತು. “ನಾಳೆಯಿಂದ ಮಾಡಕ್ಕಾಗಲ್ಲ ಕಣವ್ವ, ಫೋನು ಕೀಳ್ತಾವ್ರೆ. ಇಡ್ತೀನಿ ಈಗ. ಆ ಹುಡುಗಿಗೆ ಲೈನ್ ಬೇಕು. ನನ್ನಿಂದ ಅವಳ ಕೆಲಸಾನೂ ಕೆಡ್ತಾ ಐತೆ, ಪಾಪ. ಹೇಳಾನ ಅಂದ್ರೆ, ಅವಳು ಗಂಡನ ಹತ್ರ ಬಾಯ್ಬಿಟ್ರೆ ನಿನ್ ಗತಿಯೇನು?”

ಆ ಕಡೆ ಒಂದು ಎಳೆಯ ಹೆಣ್ಣುದನಿ ಮೂಗು ಎಳೆದುಕೊಂಡಿತು. ಕೂಸೊಂದು ಅಳುವುದು ಕೇಳಿಸಿತು.

“ಇಡ್ಬೇಡ ಕಣವ್ವ, ಒಂದ್ನಿಮಿಷ. ಅಣ್ಣ ಇನ್ನೂ ನನ್ ಫೋಟೋಗೆ ಹಾರ ಹಾಕ್ತಾನಾ?”

ಜಗಲಿಯಿಂದ ಕದರಯ್ಯ ಕೂಗಿದ. “ಆಯ್ತಾ ಅಮ್ಮಾವ್ರೆ? ಕೀಳ್ಲಾ?”

ತ್ರಿವೇಣಿ ರಿಸೀವರನ್ನು ಎತ್ತಿದಷ್ಟೇ ಮೆಲ್ಲಗೆ ಕೆಳಗಿಟ್ಟಳು. ಹೊರಗೆ ಹೋಗಿ, “ಬೇಡ ಬಿಡಿ, ಕೆಟ್ಟಿರೋದು ನನ್ ಕಂಪ್ಯೂಟರೇ” ಎಂದಳು. ಒಳಗೆ ಬಂದವಳು ವೈರನ್ನು ಮತ್ತೆ ಮೋಡೆಮ್ಮಿಗೆ ಸಿಕ್ಕಿಸಲಿಲ್ಲ.